ಐದು ವೈರು, ಐದು ಬೆರಳು

ಮಗಳಿಗೆ ಹೆರಿಗೆ ನೋವು ಶುರುವಾಯಿತು ಅಂತ ಫೋನು ಬಂದಾಗ ಪಾರ್ಲರಮ್ಮ ಗಿರಾಕಿಯೊಬ್ಬಳ ತಲೆಗೆ ಅರ್ಧ ಬಣ್ಣ ಹಚ್ಚಿ ಮುಗಿಸಿದ್ದಳು. ಇನ್ನರ್ಧ ತಲೆ ಬೆಳ್ಳಗೆ ಕೂತು ತನ್ನ ಸರದಿ ಕಾಯುತ್ತಿತ್ತು.

"ಅತ್ತೆ, ಗಾಬರಿ ಆಗ್ಬೇಡಿ," ಅಂದ ಅಳಿಯ, ತಾನೇ ಗಾಬರಿಯಿಂದ. "ಆಸ್ಪತ್ರೆಗೆ ಸೇರಿಸಿದ್ದೀವಿ. ಅಮ್ಮ ಜೊತೇಲೇ ಇದ್ದಾರೆ. ನೀವು ಬಸ್ಸು ಗಿಸ್ಸು ಅಂತ ಹುಡುಕ್ಬೇಡಿ, ಅಪ್ಪ ಕಾರು ತಗೊಂಡು ಬರ್ತಿದ್ದಾರೆ."

ನಿಜ ಹೇಳಬೇಕೆಂದರೆ, ಹೆರಿಗೆಯ ಸುದ್ದಿಗಿಂತ ಈ ಕೊನೆಯ ಮಾತು ಕೇಳಿಯೇ ಅವಳ ಎದೆ ಧಸಕ್ಕೆಂದದ್ದು.

ಆ ಬೀದಿಯ ಹೆಂಗಸರ ಕೂದಲನ್ನೆಲ್ಲ ಕತ್ತರಿಸಿ, ಬಣ್ಣ ಹಚ್ಚಿ, ಗುಂಗುರು ಮಾಡಿ, ಗುಂಗುರಿದ್ದವರದ್ದು ನೆಟ್ಟಗೆ ಮಾಡಿ ಅವಳಿಗೆ ಪಾರ್ಲರಮ್ಮ ಅನ್ನುವ ಹೆಸರೇ ಗಟ್ಟಿಯಾಗಿತ್ತು. ಗಂಡ ತೀರಿಕೊಂಡ ಮೇಲೆ ಆ ಒಂದು ಕೋಣೆಯ ಅಂಗಡಿಯಲ್ಲೇ ದುಡಿದು ಮಗಳನ್ನು ಬೆಳೆಸಿದವಳು. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಆ ಬಾಯಿಯೇ ಮಗಳ ಮದುವೆಯ ದಿನ ಎಡವಟ್ಟು ಮಾಡಿತ್ತು.

ಆ ದಿನ ಬೀಗರು, ಅಂದರೆ ಅಳಿಯನ ಅಪ್ಪ, ತಲೆಗೂ ಮೀಸೆಗೂ ಇದ್ದಿಲಿನಂಥ ಕಪ್ಪು ಬಣ್ಣ ಬಳಿದುಕೊಂಡು, ಎದೆ ಸೆಟೆಸಿ, ಫೋಟೋಗೆ ನಿಂತಿದ್ದರು. ಪಾರ್ಲರಮ್ಮ ಪಕ್ಕದಲ್ಲಿ ನಿಂತವಳು ಕಸುಬಿನ ಚಾಳಿಯಿಂದ ಒಮ್ಮೆ ಅವರ ತಲೆ ನೋಡಿದಳು. ನೋಡಿ ಸುಮ್ಮನಿರಬಹುದಿತ್ತು. "ಅಯ್ಯೋ ಬೀಗರೇ, ಇದನ್ನ ಯಾರ ಕೈಲಿ ಹಚ್ಚಿಸ್ಕೊಂಡ್ರಿ? ಕಿವಿಗೂ ಬಳಿದುಬಿಟ್ಟಿದ್ದಾರಲ್ಲ!" ಅಂದುಬಿಟ್ಟಳು. ಎರಡೂ ಕಡೆಯ ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋಟೋ ತೆಗೆಯುವವನ ಕ್ಯಾಮೆರಾ ಕೂಡ ಅಲುಗಾಡಿತು.

ಅವತ್ತು ಮುಚ್ಚಿದ ಬಾಯಿಯನ್ನು ಬೀಗರು ಅವಳೆದುರು ಮತ್ತೆ ತೆರೆದಿರಲಿಲ್ಲ. ಅವಳು ಮಗಳನ್ನು ನೋಡಲು ಹೋದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಏನಾದರೂ ಹೇಳಲೇಬೇಕಾಗಿ ಬಂದರೆ ಗೋಡೆಗೋ ಕಿಟಕಿಗೋ ಹೇಳುತ್ತಿದ್ದರು. ಅಂಥವರ ಜೊತೆ ಈಗ ಊರಿನ ಆ ತುದಿಯವರೆಗೆ ಒಂದೇ ಕಾರಿನಲ್ಲಿ!

"ನೀವು ಹೊರಡ್ರೀ," ಅಂದಳು ಗಿರಾಕಿ. "ಇನ್ನರ್ಧ ತಲೆ ನಾಳೆ ನೋಡ್ಕೊಳ್ಳೋಣ. ಟವೆಲ್ ಸುತ್ಕೊಂಡು ಮನೆಗೆ ಹೋಗ್ತೀನಿ, ಯಾರು ನೋಡ್ತಾರೆ ಈ ಮಳೇಲಿ?"

ಹೊರಗೆ ಮಳೆ ಅಂದರೆ ಅದೆಂಥ ಮಳೆ! ಆಕಾಶಕ್ಕೆ ತೂತು ಬಿದ್ದ ಹಾಗೆ ಸುರಿಯುತ್ತಿತ್ತು. ಆ ಮಳೆಯಲ್ಲೇ ಬೀಗರ ಹಳೆಯ ನೀಲಿ ಕಾರು ಅಂಗಡಿಯ ಮುಂದೆ ಬಂದು ನಿಂತು ಎರಡು ಸಲ ಹಾರ್ನ್ ಹೊಡೆಯಿತು. ಪಾರ್ಲರಮ್ಮ ಶಟರ್ ಎಳೆದು, ಕೈಗೆ ಸಿಕ್ಕ ಚೀಲ ಎತ್ತಿಕೊಂಡು ಓಡಿ ಬಂದು ಕೂತಳು.

"ಕೂತವರು ಬಾಗಿಲು ಸರಿಯಾಗಿ ಎಳ್ಕೋಬೇಕು," ಅಂದರು ಬೀಗರು, ಸ್ಟೀರಿಂಗ್‌ಗೆ.

ಅವಳು ಎಳೆದುಕೊಂಡಳು.

"ಅಷ್ಟು ಜೋರಾಗಿ ಎಳೆಯೋ ಅಗತ್ಯ ಇಲ್ಲ," ಅಂದರು, ವೈಪರ್‌ಗೆ.

ಪಾರ್ಲರಮ್ಮ ತುಟಿ ಕಚ್ಚಿಕೊಂಡಳು. ಇವತ್ತು ಏನೇ ಆಗಲಿ, ತನ್ನ ಬಾಯಿ ತೆರೆಯಬಾರದು ಅಂತ ಗಟ್ಟಿ ಮಾಡಿಕೊಂಡಳು. ಬೀಗರು ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಈ ಕಾರನ್ನು ಯಾವ ಮೆಕ್ಯಾನಿಕ್ಕಿನ ಕೈಗೂ ಸುಲಭಕ್ಕೆ ಕೊಡುತ್ತಿರಲಿಲ್ಲ. ಭಾನುವಾರ ಬಂತೆಂದರೆ ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿಕೊಂಡು ಕೂರುವುದೇ ಅವರ ವಿಶ್ರಾಂತಿ ಅಂತ ಮಗಳು ಹೇಳಿದ್ದು ಅವಳಿಗೆ ಗೊತ್ತಿತ್ತು.

ದೊಡ್ಡ ರಸ್ತೆಯ ತಗ್ಗಿನಲ್ಲಿ ನೀರು ಕೆರೆಯಂತೆ ನಿಂತಿತ್ತು. ಬೀಗರು ಮೊದಲ ಗೇರಿನಲ್ಲಿ, ಮಗುವನ್ನು ನಡೆಸುವ ಹಾಗೆ, ಮೆಲ್ಲಗೆ ಕಾರನ್ನು ಇಳಿಸಿದರು. ಎಲ್ಲ ಸರಿಯಾಗೇ ಹೋಗುತ್ತಿತ್ತು. ಅಷ್ಟರಲ್ಲಿ ಎದುರಿನಿಂದ ಬಂದ ಬಸ್ಸೊಂದು ಹಿಂದೆ ಮುಂದೆ ನೋಡದೆ ನುಗ್ಗಿ, ಒಂದು ದೊಡ್ಡ ಅಲೆ ಎಬ್ಬಿಸಿತು. ಆ ಅಲೆ ಕಾರಿನ ಮೂತಿಗೇ ಬಡಿಯಿತು. ಕಾರು ಎರಡು ಸಲ ಕೆಮ್ಮಿತು, ಒಮ್ಮೆ ಮೈ ಕೊಡವಿತು, ಆಮೇಲೆ ತೆಪ್ಪಗಾಯಿತು.

ಬೀಗರು ಕೀ ತಿರುಗಿಸಿದರು. ಗರ್ ಗರ್ ಗರ್. ಮತ್ತೆ ತಿರುಗಿಸಿದರು. ಗರ್ ಗರ್ ಗರ್. ಸದ್ದಿಗೇನೂ ಕೊರತೆಯಿಲ್ಲ, ಆದರೆ ಎಂಜಿನ್ ಮಾತ್ರ ಹಿಡಿದುಕೊಳ್ಳುತ್ತಿಲ್ಲ.

ಪಾರ್ಲರಮ್ಮ ಆಟೋ ಕರೆಯಲು ನೋಡಿದಳು. ಬಂದ ನಾಲ್ಕಾರು ಆಟೋಗಳು ಅವಳು ಚಾಚಿದ ಕೈಗೆ ಕೆಸರು ಹಾರಿಸಿ ಹೋದವು. ಫೋನಿನಲ್ಲಿ ಟ್ಯಾಕ್ಸಿ ಹುಡುಕಿದರೆ ಚಕ್ರವೊಂದು ಸುಮ್ಮನೆ ತಿರುಗುತ್ತಲೇ ಇತ್ತು. ಕೊನೆಗೆ ಇಬ್ಬರೂ ಮೊಣಕಾಲು ನೀರಿಗಿಳಿದು ಕಾರು ತಳ್ಳತೊಡಗಿದರು. ರಸ್ತೆಯಾಚೆಯ ಫೋಟೋ ಸ್ಟುಡಿಯೋದವನು ಪ್ಯಾಂಟು ಮಡಚಿಕೊಂಡು ಬಂದು ಕೈ ಜೋಡಿಸಿದ. ಮೂವರೂ ಸೇರಿ ಹೇಗೋ ಸ್ಟುಡಿಯೋದ ಮುಂದಿನ ತಗಡಿನ ಚಾವಣಿಯ ಕೆಳಗೆ ಕಾರನ್ನು ತಂದು ನಿಲ್ಲಿಸಿದರು.

"ಪೆಟ್ರೋಲ್ ಖಾಲಿಯಾಗಿರ್ಬೇಕು ಸರ್," ಅಂದ ಸ್ಟುಡಿಯೋದವನು.

ಬೀಗರಿಗೆ ಉರಿಯಿತು. "ಪೆಟ್ರೋಲ್ ಖಾಲಿ ಮಾಡ್ಕೊಂಡು ಓಡಾಡೋನಲ್ಲ ನಾನು. ನೋಡಿ, ಸ್ಟಾರ್ಟರ್ ಗರಗರ ತಿರುಗ್ತಿದೆ, ಅಂದ್ರೆ ಬ್ಯಾಟರಿ ಗಟ್ಟಿಯಾಗಿದೆ. ಪೆಟ್ರೋಲ್ ವಾಸನೆ ಮೂಗಿಗೆ ಬಡೀತಿದೆ, ಅಂದ್ರೆ ಅದೂ ಎಂಜಿನ್‌ಗೆ ಹೋಗ್ತಿದೆ. ಇನ್ನು ಉಳಿದದ್ದೇನು? ಕಿಡಿ! ಕಿಡಿ ಹಾರ್ತಿಲ್ಲ. ನೀರು ಎಲ್ಲೋ ಕರೆಂಟಿನ ದಾರೀಲಿ ಕೂತಿದೆ."

ಬಾನೆಟ್ ಎತ್ತಿ, ಕಿಡಿ ಹಾರಿಸುವ ಪ್ಲಗ್ಗುಗಳಲ್ಲಿ ಒಂದರ ವೈರು ಕಿತ್ತರು. ಡಿಕ್ಕಿಯಿಂದ ಒಂದು ಬಿಡಿ ಪ್ಲಗ್ ತಂದು ಅದಕ್ಕೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದರು. ಈಗ ಯಾರಾದರೂ ಕೀ ತಿರುಗಿಸಬೇಕು. ಸ್ಟುಡಿಯೋದವನು ಒಳಗೆ ಫೋನು ಬಡಿದುಕೊಳ್ಳುತ್ತಿದೆಯೆಂದು ಓಡಿದ್ದ. ಬೀಗರು ಆಕಾಶ ನೋಡಿದರು, ನೆಲ ನೋಡಿದರು. ಗೋಡೆ ಬಂದು ಕೀ ತಿರುಗಿಸುವ ಹಾಗಿರಲಿಲ್ಲ.

"ಬೀಗಿತ್ತಿಯವರೇ," ಅಂದರು ಗಂಟಲು ಸರಿ ಮಾಡಿಕೊಂಡು, "ಒಂದು ಸಲ ಕೀ ತಿರುಗಿಸ್ತೀರಾ?"

ಪಾರ್ಲರಮ್ಮ ಹೋಗಿ ಕೂತು ಕೀ ತಿರುಗಿಸಿದಳು.

"ಅಯ್ಯಯ್ಯಪ್ಪಾ!"

ಧಡ್ ಅಂತ ಸದ್ದಾಯಿತು. ಅವಳು ಓಡಿ ಬಂದು ನೋಡಿದರೆ ಬೀಗರು ಒಂದು ಕೈ ಒದರುತ್ತಾ, ಇನ್ನೊಂದು ಕೈಯಲ್ಲಿ ಬಾನೆಟ್‌ಗೆ ಬಡಿದ ನೆತ್ತಿ ಉಜ್ಜುತ್ತಾ ಕುಣಿಯುತ್ತಿದ್ದರು.

"ಏನಾಯ್ತು? ಕರೆಂಟು ಬರ್ತಿಲ್ವಾ?"

"ಬರ್ತಿದೆ, ಬರ್ತಿದೆ," ಅಂದರು ಹಲ್ಲು ಕಚ್ಚಿ. "ಪ್ಲಗ್ಗಿಗೆ ಬರ್ತಿಲ್ಲ, ನನಗೆ ಬರ್ತಿದೆ!"

ಪಾರ್ಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರೂ ಅದು ಮೂಗಿನಿಂದ ಹೊರಟಿತು. ಬೀಗರು ಮೊದಲು ಗುರಾಯಿಸಿದರು. ಆಮೇಲೆ ಅವರ ಮೀಸೆಯೂ ಒಂಚೂರು ಅಲುಗಿತು. ಆದರೆ ಕೂಡಲೇ ಬಗ್ಗಿ ಎಂಜಿನ್ನಿನ ಪಕ್ಕದಲ್ಲಿದ್ದ ಒಂದು ಕಪ್ಪು ಮುಚ್ಚಳ ಬಿಚ್ಚತೊಡಗಿದರು.

"ಇದು ಡಿಸ್ಟ್ರಿಬ್ಯೂಟರ್. ಕಾಯಿಲ್ ಅನ್ನೋ ತಂತಿ ಸುರುಳಿಯಿಂದ ಬರೋ ಕರೆಂಟನ್ನ ನಾಲ್ಕು ಪ್ಲಗ್ಗಿಗೂ ಸರದಿ ಪ್ರಕಾರ ಹಂಚೋದು ಇದರ ಕೆಲಸ. ಇದಕ್ಕೆ ಥಂಡಿ ಹಿಡಿದ್ರೆ ಮುಗೀತು."

ಮುಚ್ಚಳದ ಒಳಗೆ ಬಚ್ಚಲುಮನೆಯ ಕನ್ನಡಿಯ ಹಾಗೆ ಮಂಜು ಕಟ್ಟಿತ್ತು. ಬೀಗರು ಜೇಬಿನಿಂದ ಕರವಸ್ತ್ರ ತೆಗೆದರು. ಹಿಂಡಿದರೆ ಒಂದು ಲೋಟ ನೀರು ಬರುವಂತಿತ್ತು. ಪಾರ್ಲರಮ್ಮ ತನ್ನ ಕರವಸ್ತ್ರಕ್ಕೆಂದು ಚೀಲಕ್ಕೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಬಾಚಣಿಗೆ, ಕ್ಲಿಪ್ಪುಗಳು, ಕತ್ತರಿ! ಅವಸರದಲ್ಲಿ ಮನೆಯ ಚೀಲ ಬಿಟ್ಟು ಕಸುಬಿನ ಚೀಲ ತಂದಿದ್ದಳು. ಇನ್ನೂ ಆಳಕ್ಕೆ ಕೈ ಹಾಕಿದಾಗ ಕೂದಲು ಒಣಗಿಸುವ ಡ್ರೈಯರ್ ಸಿಕ್ಕಿತು.

ಅವಳು ಅದನ್ನು ಮೇಲೆತ್ತಿ ಹಿಡಿದಳು. ಬೀಗರು ಅದನ್ನೇ ನೋಡಿದರು. ಇಬ್ಬರೂ ಒಟ್ಟಿಗೇ ಸ್ಟುಡಿಯೋದ ಬಾಗಿಲ ಕಡೆ ತಿರುಗಿ, "ರೀ, ನಿಮ್ಮ ಹತ್ರ ಉದ್ದದ ವೈರು ಇದೆಯಾ?" ಅಂತ ಕೂಗಿದರು.

ದೀಪಗಳಿಗೆ ಹಾಕುವ ಉದ್ದದ ವೈರು ಹೊರಗೆ ಬಂತು. ಪಾರ್ಲರಮ್ಮ ಮುಚ್ಚಳವನ್ನು ಎಡಗೈಯಲ್ಲಿ ಹಿಡಿದು, ಡ್ರೈಯರನ್ನು ಗೇಣು ದೂರದಲ್ಲಿಟ್ಟು ಆಡಿಸತೊಡಗಿದಳು.

"ಇನ್ನೂ ಹತ್ತಿರ ಹಿಡೀರಿ," ಅಂದರು ಬೀಗರು.

"ಹತ್ತಿರ ಹಿಡಿದ್ರೆ ಸುಡುತ್ತೆ. ನೀವು ಸುಮ್ಮನೆ ನೋಡ್ತಿರಿ."

ಆಗಲೇ ಅವಳ ಕಣ್ಣು ಬೀಗರ ಕುತ್ತಿಗೆಯ ಮೇಲೆ ಬಿತ್ತು. ಮಳೆ ನೀರಿಗೆ ತಲೆಯ ಬಣ್ಣ ಕರಗಿ, ಕಿವಿಯ ಹಿಂದಿನಿಂದ ಬಿಳಿ ಕಾಲರಿನ ಮೇಲೆ ಎರಡು ಕಪ್ಪು ಗೆರೆ ಇಳಿದಿದ್ದವು. ನಾಲಿಗೆ ತುದಿಗೆ ಬಂದ ಮಾತನ್ನು ಅವಳು ಎಷ್ಟು ಕಷ್ಟಪಟ್ಟು ನುಂಗಿದಳೆಂದರೆ ಕಣ್ಣಲ್ಲಿ ನೀರು ಬಂತು.

ಮುಚ್ಚಳ ಕೂತಿತು. ವೈರುಗಳು ಕೂತವು. ಕೀ ತಿರುಗಿದ್ದೇ ಕಾರು ಏನೂ ಆಗಿಲ್ಲವೆಂಬಂತೆ ಗುರ್ ಅಂದಿತು. ಸ್ಟುಡಿಯೋದವನು ಚಪ್ಪಾಳೆ ತಟ್ಟಿದ. ಬೀಗರು ಸ್ಟೀರಿಂಗ್ ಹಿಡಿದು, "ಭಲೇ!" ಅಂದರು. ಯಾರಿಗೆ ಅಂದದ್ದು ಅಂತ ಸ್ಪಷ್ಟವಾಗಲಿಲ್ಲ, ಆದರೆ ಸ್ಟೀರಿಂಗ್‌ಗಂತೂ ಅಲ್ಲ.

ಖುಷಿ ಎರಡು ಬೀದಿ ದಾಟುವವರೆಗೆ ಉಳಿಯಿತು. ರೈಲು ಸೇತುವೆಯ ಹತ್ತಿರ ಮತ್ತೆ ನೀರು ನಿಂತಿತ್ತು. ಈ ಸಲ ಯಾವ ಬಸ್ಸೂ ಬರಲಿಲ್ಲ, ತನ್ನದೇ ಚಕ್ರ ಎರಚಿದ ನೀರಿಗೇ ಕಾರು ಕೆಮ್ಮಿ, ಸೇತುವೆಯ ಕೆಳಗಿನ ಕತ್ತಲಿಗೆ ತೆವಳಿಕೊಂಡು ಹೋಗಿ ನಿಂತುಬಿಟ್ಟಿತು. ಅಕ್ಕಪಕ್ಕ ಅಂಗಡಿಯಿಲ್ಲ, ಮನೆಯಿಲ್ಲ. ಮೇಲೆ ಒಂದು ರೈಲು ಗಡಗಡ ಅಂತ ಹೋಯಿತು.

ಬೀಗರು ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಅದರ ಮೇಲೆ ಹಣೆ ಇಟ್ಟರು.

"ಬೀಗರೇ?"

"ನನ್ನಿಂದಾನೇ ಆಯ್ತು," ಅಂದರು ತಲೆ ಎತ್ತದೆ. "ಮಗ ನಿಮಗೆ ಟ್ಯಾಕ್ಸಿ ಮಾಡಿಸ್ತೀನಿ ಅಂದಿದ್ದ. ನಾನೇ ಹಟ ಮಾಡಿ ಕಾರು ತಂದೆ. ಯಾಕೆ ಗೊತ್ತಾ? ಬೆಳಿಗ್ಗೆ ನಿಮ್ಮ ಮಗಳು ನೋವು ತಡೆಯೋಕಾಗದೆ ನನ್ನ ಕೈ ಹಿಡ್ಕೊಂಡು 'ಅಪ್ಪಾ' ಅಂದ್ಳು. ಅಲ್ಲಿ ನಿಲ್ಲೋಕೆ ಆಗ್ಲಿಲ್ಲ ಬೀಗಿತ್ತಿ. ಅವಳಮ್ಮನ್ನ ಕರ್ಕೊಂಡು ಬರ್ತೀನಿ ಅಂತ ಹೇಳಿ ತಪ್ಪಿಸ್ಕೊಂಡು ಬಂದೆ. ಈಗ ನೋಡಿದ್ರೆ ನಿಮ್ಮನ್ನೂ ಅಲ್ಲಿಗೆ ಮುಟ್ಟಿಸ್ತಿಲ್ಲ."

ಮಗಳು ಆ ಮನೆಯಲ್ಲಿ ಹೇಗಿದ್ದಾಳೋ ಏನೋ ಅಂತ ಮದುವೆಯಾದಾಗಿನಿಂದ ಪಾರ್ಲರಮ್ಮನನ್ನು ಒಳಗೊಳಗೇ ಕೊರೆಯುತ್ತಿದ್ದ ಒಂದು ಚಿಂತೆ, ಆ ಕತ್ತಲಲ್ಲಿ, ಸದ್ದಿಲ್ಲದೆ ಎದ್ದು ಹೋಯಿತು.

"ಮುಟ್ಟಿಸ್ತೀರಿ," ಅಂದಳು ಮೆತ್ತಗೆ. "ಅಪ್ಪ ಅಂತ ಕರೆಸ್ಕೊಂಡ ಮೇಲೆ ಹೀಗೆ ಕೂತ್ರೆ ಆಗುತ್ತಾ? ಈ ಸಲ ನೀವು ಕೀ ತಿರುಗಿಸಿ, ನಾನು ನೋಡ್ತೀನಿ. ಮುಟ್ಟೋದಿಲ್ಲ, ಭಯ ಬೇಡ."

ಬಾನೆಟ್ ಎತ್ತಿ ಅವಳು ಕೈಕಟ್ಟಿ ನಿಂತಳು. ಬೀಗರು ಕೀ ತಿರುಗಿಸಿದರು. ಕತ್ತಲಲ್ಲಿ ಆ ಕಪ್ಪು ಮುಚ್ಚಳದ ಮೇಲೆ ಸಣ್ಣ ಸಣ್ಣ ನೀಲಿ ಎಳೆಗಳು ಚಟಚಟ ಅಂತ ಓಡಾಡಿದವು. ವೈರುಗಳ ಬುಡದಿಂದ ಹೊರಟು, ಮುಚ್ಚಳದ ಮೈಮೇಲೆ ಹರಿದು, ಪಕ್ಕದ ಕಬ್ಬಿಣಕ್ಕೆ ಹಾರುತ್ತಿದ್ದವು.

"ಬೀಗರೇ, ನಿಮ್ಮ ಕಿಡಿ ಸಿಕ್ತು! ಬೇಗ ಬನ್ನಿ, ಪ್ಲಗ್ಗಿನ ಮನೆಗೆ ಹೋಗೋದು ಬಿಟ್ಟು ಹೊರಗಡೆ ಆಟ ಆಡ್ತಿದೆ!"

ಜಾಗ ಬದಲಾಯಿಸಿದರು. ಅವಳು ಕೀ ತಿರುಗಿಸಿದಾಗ ಬೀಗರು ಕಣ್ಣಿಟ್ಟು ನೋಡಿ, ತೊಡೆ ತಟ್ಟಿಕೊಂಡರು. "ಒಳಗಲ್ಲ, ಹೊರಗೆ! ನೋಡಿ, ವೈರಿನ ಬುಡದಲ್ಲಿರೋ ರಬ್ಬರ್ ಟೊಪ್ಪಿಗಳು ಹಳೇದಾಗಿ ಬಿರುಕು ಬಿಟ್ಟಿವೆ. ಮುಂದಿನ ಜಾಲರಿಯಿಂದ ಹಾರಿದ ನೀರು ನೇರವಾಗಿ ಇಲ್ಲಿಗೇ ಬೀಳ್ತಿದೆ. ಆಗ ನಾವು ಒಣಗಿಸಿದ್ವಿ, ಸರಿ ಹೋಯ್ತು. ಮತ್ತೆ ನೀರು ಬಿತ್ತು, ಕೆಟ್ಟಿತು. ಬರೀ ಒರೆಸಿದ್ರೆ ಸಾಲದು ಬೀಗಿತ್ತಿ, ಇದಕ್ಕೊಂದು ರೈನ್‌ಕೋಟ್ ಬೇಕು."

"ಪ್ಲಾಸ್ಟಿಕ್ ಚೀಲ ಸುತ್ತೋಣ?"

"ಐದು ವೈರು ಹೊರಗೆ ಬರ್ಬೇಕಲ್ಲ. ಕಾಯಿಲ್‌ದು ಒಂದು, ಪ್ಲಗ್ಗಿನವು ನಾಲ್ಕು. ಐದು ತೂತು ಮಾಡಿದ್ರೆ ಐದು ಕಡೆಯಿಂದ ನೀರು."

ಐದು. ಪಾರ್ಲರಮ್ಮ ಸುಮ್ಮನೆ ತನ್ನ ಕೈ ನೋಡಿಕೊಂಡಳು. ಮರುಕ್ಷಣ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ಹೊಸದೊಂದು ರಬ್ಬರ್ ಕೈಗವಸು ಎಳೆದು, ಬಾಯಿಂದ ಊದಿದಳು. ಐದು ಬೆರಳುಗಳು ಪಟ್ ಪಟ್ ಅಂತ ಬಿಚ್ಚಿಕೊಂಡವು.

ಬೀಗರು ಬೆರಗಾಗಿ ನೋಡಿದರು. "ಬೆರಳಿಗೊಂದು ವೈರು! ಅಂಗೈ ಮುಚ್ಚಳದ ಮೇಲೆ! ಇದನ್ನ ಯಾತಕ್ಕೆ ಇಟ್ಕೊಂಡಿರ್ತೀರಿ?"

"ಅದು," ಅಂದು ಪಾರ್ಲರಮ್ಮ ತಡವರಿಸಿದಳು. "ತಲೆಗೆ ಬಣ್ಣ ಹಚ್ಚೋವಾಗ ಹಾಕ್ಕೊಳ್ಳೋದು."

ಬೀಗರು ಮೆಲ್ಲಗೆ ಕೈಯೆತ್ತಿ ಕುತ್ತಿಗೆ ಮುಟ್ಟಿ, ಬೆರಳು ನೋಡಿಕೊಂಡರು. ಬೆರಳು ಕಪ್ಪಗಿತ್ತು.

"ಕಾಲರಿಗೂ ಇಳಿದಿದೆಯಾ?"

"ಇಳಿದಿದೆ."

"ಆಗಲೇ ನೋಡಿದ್ರಾ?"

"ಸ್ಟುಡಿಯೋದ ಹತ್ರಾನೇ ನೋಡಿದೆ."

"ಏನೂ ಅನ್ನಲಿಲ್ಲ?"

"ಅನ್ನಬಾರದು ಅಂತ ಎಷ್ಟು ಒದ್ದಾಡಿದೀನಿ ಅಂತ ನನಗೇ ಗೊತ್ತು."

ಬೀಗರ ಹೊಟ್ಟೆಯಿಂದ ಒಂದು ನಗು ಹೊರಟಿತು. ಮೊದಲು ಗುಳುಗುಳು ಅಂತ, ಆಮೇಲೆ ಸೇತುವೆಯೇ ಮಾರ್ದನಿಸುವಂತೆ. "ಅವತ್ತು ಮದುವೇಲಿ ಯಾರು ಹಚ್ಚಿದ್ದು ಅಂತ ಕೇಳಿದ್ರಲ್ಲ? ಯಾರೂ ಅಲ್ಲ ಕಣ್ರೀ, ನಾನೇ! ಕನ್ನಡೀಲಿ ಕಿವಿ ಹಿಂದೆ ಎಲ್ಲಿ ಕಾಣುತ್ತೆ?"

"ನಾನು ಎಲ್ಲರ ಎದುರು ಅನ್ನಬಾರದಿತ್ತು," ಅಂದಳು ಪಾರ್ಲರಮ್ಮ. "ನಂದೂ ಬಾಯಿ ಒಂಚೂರು ಉದ್ದ."

"ಒಂಚೂರಾ?" ಅಂದರು ಬೀಗರು. ಇಬ್ಬರೂ ಮತ್ತೆ ನಕ್ಕರು.

ಆಮೇಲೆ ಕೆಲಸ ಚಕಚಕನೆ ನಡೆಯಿತು. ಯಾವ ವೈರು ಯಾವ ತೂತಿನದು ಅಂತ ತಪ್ಪಬಾರದೆಂದು ಪಾರ್ಲರಮ್ಮ ಒಂದೊಂದಕ್ಕೂ ಒಂದೊಂದು ಬಣ್ಣದ ಕ್ಲಿಪ್ಪು ಕಚ್ಚಿಸಿದಳು, ಉದ್ದ ಕೂದಲನ್ನು ಭಾಗ ಮಾಡಿ ಹಿಡಿಯುವ ಹಾಗೆ. ಚೀಲದ ತಳದಲ್ಲಿದ್ದ ಒಣ ಟವೆಲ್ಲಿನಿಂದ ಮುಚ್ಚಳ ಒರೆಸಿ, ಸಂದುಗೊಂದಿಗೆಲ್ಲ ಹತ್ತಿ ತುರುಕಿ ತೆಗೆದಳು. ಕತ್ತರಿಯಿಂದ ಕೈಗವಸಿನ ಬೆರಳ ತುದಿಗಳನ್ನು ಹೆಸರಿಗಷ್ಟೇ ಕತ್ತರಿಸಿ, ಹೆಬ್ಬೆರಳಲ್ಲಿ ಕಾಯಿಲ್ ವೈರು, ಉಳಿದವುಗಳಲ್ಲಿ ಪ್ಲಗ್ಗಿನ ವೈರು ತೂರಿಸಿ, ಬೀಗರ ಕೈಗೆ ಕೊಟ್ಟಳು. ಅವರು ವೈರುಗಳನ್ನು ಮುಚ್ಚಳದ ತೂತುಗಳಿಗೆ ಸಿಕ್ಕಿಸಿ, ಅಂಗೈಯನ್ನು ಅದರ ಮೇಲೆ ಎಳೆದು, ಬುಡಕ್ಕೆ ಜಡೆಯ ರಬ್ಬರ್ ಬ್ಯಾಂಡ್ ಬಿಗಿದರು. ಎಂಜಿನ್ನಿನ ಪಕ್ಕದಲ್ಲಿ ಯಾರೋ ಕೈಯೆತ್ತಿ ನಿಲ್ಲು ಅಂದ ಹಾಗೆ ಕಾಣುತ್ತಿತ್ತು.

ಕೀ ತಿರುಗಿಸಿದರೆ ಸೈಲೆನ್ಸರಿನಿಂದ ಢಬ್ಬೆಂದು ಪಟಾಕಿಯಂಥ ಸದ್ದು ಹೊರಟಿತು. ಸೇತುವೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು.

"ಗುಲಾಬಿ ಕ್ಲಿಪ್ಪಿಂದು, ಹಸಿರು ಕ್ಲಿಪ್ಪಿಂದು ಅದಲು ಬದಲಾಗಿದೆ," ಅಂದಳು ಪಾರ್ಲರಮ್ಮ ಬಗ್ಗಿ ನೋಡಿ.

"ನಾನು ಸರಿಯಾಗೇ ಹಾಕಿದೀನಿ."

"ನೀವು ಕತ್ತಲಲ್ಲಿ ಹಾಕಿದೀರಿ."

ಬದಲಾಯಿಸಿದರು. ಈ ಸಲ ಕಾರು ಒಂದೇ ಏಟಿಗೆ ಹಿಡಿದುಕೊಂಡಿತು, ಹಾಡಿಕೊಂಡು ಹೊರಟಿತು. ಆಸ್ಪತ್ರೆಯ ದಾರಿಯಲ್ಲಿ ಇನ್ನೂ ಮೂರು ಕಡೆ ನೀರು ನಿಂತಿತ್ತು. ಒಂದೊಂದು ಬಂದಾಗಲೂ ಇಬ್ಬರೂ ಉಸಿರು ಬಿಗಿ ಹಿಡಿದರು, ದಾಟಿದ ಮೇಲೆ ಒಟ್ಟಿಗೇ ಬಿಟ್ಟರು.

ಆಸ್ಪತ್ರೆಯ ಬಾಗಿಲಲ್ಲಿ ಅಳಿಯ ಶತಪಥ ತಿರುಗುತ್ತಿದ್ದ. "ಇನ್ನೂ ಆಗಿಲ್ಲ ಅತ್ತೆ, ನಿಮ್ಮನ್ನೇ ಕೇಳ್ತಿದ್ದಾಳೆ," ಅಂದವನು ಅವಳ ಕೈ ನೋಡಿ ಬಾಯಿ ತೆರೆದುಕೊಂಡು ನಿಂತ. ಮೊಣಕೈವರೆಗೆ ಮಸಿ. ಒಳಗಿನಿಂದ ಬಂದ ಅವನ ತಾಯಿ ಗಂಡನನ್ನು ನೋಡಿದಳು, ಬೀಗಿತ್ತಿಯನ್ನು ನೋಡಿದಳು, ಇಬ್ಬರೂ ಪಿಸಿಪಿಸಿ ನಗುತ್ತಿರುವುದನ್ನು ನೋಡಿದಳು. "ಏನ್ರೀ ಇದು, ಇಬ್ಬರೂ ಎಲ್ಲಾದ್ರೂ ಬಿದ್ರಾ?" ಅಂದಳು.

ನರ್ಸು ಪಾರ್ಲರಮ್ಮನನ್ನು ನೇರ ನಲ್ಲಿಯ ಹತ್ತಿರ ಕಳಿಸಿದಳು. ಎರಡು ಸಲ ಸೋಪು ಹಾಕಿ ಉಜ್ಜಿ, ಉಗುರು ತೋರಿಸಿದ ಮೇಲೆಯೇ ಒಳಗೆ ಬಿಟ್ಟದ್ದು. ಮಗಳು ಬೆವರಿನಲ್ಲಿ ತೊಯ್ದಿದ್ದಳು. ಅಮ್ಮನನ್ನು ಕಂಡದ್ದೇ ಮುಖ ಸಣ್ಣದು ಮಾಡಿ, "ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?" ಅಂತ ಚಿಕ್ಕ ಹುಡುಗಿಯ ಹಾಗೆ ಅತ್ತಳು. ಪಾರ್ಲರಮ್ಮ ಅವಳ ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ, ಕೈ ಹಿಡಿದುಕೊಂಡಳು. ಆಮೇಲೆ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಮಳೆ ನಿಂತು ಹೊಳವಾಯಿತು. ಆ ಹೊತ್ತಿಗೇ ಕೋಣೆಯೊಳಗಿಂದ ಒಂದು ಪುಟ್ಟ, ಸಿಟ್ಟಿನ ಅಳು ಕೇಳಿಸಿತು. ಹೆಣ್ಣು ಮಗು. ಬಾಣಂತಿಯೂ ಕ್ಷೇಮ.

ಸ್ವಲ್ಪ ಹೊತ್ತಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಪಾರ್ಲರಮ್ಮ ಬಾಗಿಲ ಹತ್ತಿರ ಬಂದಳು. ಅಳಿಯ ನೋಡಿದ, ಕಣ್ಣೊರೆಸಿಕೊಂಡ. ಅವನ ತಾಯಿ ಕೆನ್ನೆ ಮುಟ್ಟಿದಳು. ಬೀಗರು ಮಾತ್ರ ಎಲ್ಲರ ಹಿಂದೆ ಗೋಡೆಗೆ ಅಂಟಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹಿಮ್ಮಡಿ ಎತ್ತಿ ಎತ್ತಿ ಇಣುಕುತ್ತಿದ್ದರು.

"ಬೀಗಿತ್ತಿ," ಅಂದರು ಕೊನೆಗೆ, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಒಂಚೂರು ಈ ಕಡೆ ತಿರುಗಿಸಿ. ನನಗೂ ಕಾಣಲಿ."

ಪಾರ್ಲರಮ್ಮ ಎಲ್ಲರನ್ನೂ ಸರಿಸಿಕೊಂಡು ಅವರ ಹತ್ತಿರಕ್ಕೇ ಹೋದಳು. ಮಗು ಒಂದು ಕಣ್ಣು ಮಾತ್ರ ತೆರೆದು ತಾತನ ಮುಖ ನೋಡಿತು, ಆಕಳಿಸಿತು, ಮತ್ತೆ ಕಣ್ಣು ಮುಚ್ಚಿಕೊಂಡಿತು.